ಸಲೆಂಟೊದ ಆಲಿವ್ ಮರಗಳನ್ನು ಕೊಂದದ್ದು ಗರಗಸವಲ್ಲ

2015ರ ಏಪ್ರಿಲ್‌ನಲ್ಲಿ ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದ ಸಲೆಂಟೊ ಸೀಮೆಯ ಓರಿಯಾ ಎಂಬ ಊರಿಗೆ ಅಧಿಕಾರಿಗಳು ಗರಗಸ ಹಿಡಿದು ಬಂದರು. ರೋಗ ತಗುಲಿದ ಆಲಿವ್ ಮರಗಳನ್ನು ಉರುಳಿಸುವುದು ಅವರಿಗೆ ಬಂದಿದ್ದ ಆದೇಶ. ಊರವರು, ಹೋರಾಟಗಾರರು ಮರ ಹತ್ತಿ ಕೂತರು. ಅದೇ ವರ್ಷದ ನವೆಂಬರ್‌ನಲ್ಲಿ ತೊರ್ಕಿಯಾರೊಲೊದಲ್ಲೂ ಪ್ರತಿಭಟನೆ ಭುಗಿಲೆದ್ದಿತು. ಮುದಿಮರದ ಕಾಂಡವನ್ನು ತಬ್ಬಿ ಕಣ್ಣೀರಿಡುವ ರೈತರ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು.

ಆ ಚಿತ್ರಗಳ ಬೆನ್ನಿಗೇ ಒಂದು ವಾದವೂ ಹಬ್ಬಿತು. ಸಾವಿರ ವರ್ಷ ಬಾಳಿದ ಮರ ಕಣ್ಣಿಗೆ ಕಾಣದ ಸೂಕ್ಷ್ಮಾಣುವಿಗೆ ಬಲಿಯಾಗುವುದುಂಟೇ? ಕಳೆನಾಶಕ ಸುರಿದು ಮಣ್ಣನ್ನು ಹಾಳುಗೆಡವಿದ್ದಕ್ಕೆ ಮರ ಒಣಗುತ್ತಿದೆ. ಬ್ಯಾಕ್ಟೀರಿಯಾ ಎಂಬುದು ಕಂಪನಿಗಳೂ ಭೂಮಿ ದಲ್ಲಾಳಿಗಳೂ ಹೂಡಿದ ನೆಪ. ಬುಡಕ್ಕೆ ಗೊಬ್ಬರ ಹಾಕಿ, ಒಣ ಕೊಂಬೆ ಸವರಿ, ಮರವನ್ನು ಅದರ ಪಾಡಿಗೆ ಬಿಟ್ಟರೆ ತಾನೇ ಚಿಗುರುತ್ತದೆ. ಕಲಾವಿದರು, ಪುರಸಭೆಗಳ ಮೇಯರ್‌ಗಳು, ಪರಿಸರ ಸಂಘಟನೆಗಳು ಇದನ್ನೇ ಹೇಳಿದರು. ಕೆಲಕಾಲ ಇಡೀ ಸಲೆಂಟೊದ ಜನಾಭಿಪ್ರಾಯವೇ ಇದಾಗಿತ್ತು. ಇಂದಿಗೂ ಈ ದುರಂತದ ಬಗ್ಗೆ ಬರುವ ಬರಹಗಳಲ್ಲಿ ಅದರ ದನಿ ಕೇಳಿಸುತ್ತಲೇ ಇದೆ.

ಈ ವಾದ ಮರವನ್ನು ಪ್ರೀತಿಸುವವರ ಬಾಯಿಂದ ಬಂದದ್ದು. ಆ ಪ್ರೀತಿಯನ್ನು ಅನುಮಾನಿಸಬೇಕಾದ ಅಗತ್ಯವಿಲ್ಲ. ಆದರೆ ವಾದ ಬುಡದಿಂದ ತುದಿಯವರೆಗೆ ತಪ್ಪು, ಮತ್ತು ಆ ತಪ್ಪಿಗೆ ದಂಡ ತೆತ್ತದ್ದು ಅದು ಕಾಯಲು ಹೊರಟ ಮರಗಳೇ.

ರೋಗ ತರುವ ಬ್ಯಾಕ್ಟೀರಿಯಾದ ಹೆಸರು ಕ್ಸೈಲೆಲ್ಲಾ ಫಾಸ್ಟಿಡಿಯೋಸಾ. 2013ರ ಅಕ್ಟೋಬರ್‌ನಲ್ಲಿ ಲೆಚ್ಚೆ ಜಿಲ್ಲೆಯ ಗಲ್ಲಿಪೊಲಿ ಊರಿನ ಸುತ್ತಲಿನ ತೋಟಗಳಲ್ಲಿ ಇದು ಇರುವುದು ಖಚಿತವಾಯಿತು. ಯುರೋಪಿನ ಬಯಲಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಿದ್ದು ಕಂಡುಬಂದದ್ದು ಅದೇ ಮೊದಲು. ಹಿರಿಯ ಸಸ್ಯರೋಗ ವಿಜ್ಞಾನಿ ಜೊವಾನ್ನಿ ಮಾರ್ತೆಲ್ಲಿ ಹಾಗೂ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಬಾರಿ ನಗರದ ಕೇಂದ್ರದ ದೊನಾತೊ ಬೊಶಿಯಾ, ಮರಿಯಾ ಸಪೊನಾರಿ ಈ ಪತ್ತೆಯ ಹಿಂದಿದ್ದ ತಂಡದಲ್ಲಿದ್ದರು. ಬೇರು ಹೀರಿದ ನೀರನ್ನು ಎಲೆಗೆ ಮುಟ್ಟಿಸುವ ಸಣ್ಣ ನಾಳಗಳಲ್ಲಿ ಈ ಬ್ಯಾಕ್ಟೀರಿಯಾ ಬೀಡುಬಿಡುತ್ತದೆ. ಹಳೆಯ ಕೊಳಾಯಿಯೊಳಗೆ ಪಾಚಿ ಕಟ್ಟಿದ ಹಾಗೆ ನಾಳದ ಗೋಡೆಗೆ ಅಂಟಿಕೊಂಡು ಪದರ ಪದರವಾಗಿ ಬೆಳೆಯುತ್ತದೆ. ಸೋಂಕನ್ನು ತಡೆಯಲು ಮರ ತನ್ನ ನಾಳಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ನೀರಿನ ದಾರಿ ಪೂರ್ತಿ ಬಂದ್. ಮೊದಲು ಎಲೆಯ ತುದಿ ಸುಟ್ಟಂತಾಗುತ್ತದೆ, ಆಮೇಲೆ ಒಂದೊಂದೇ ಕೊಂಬೆ, ಕೊನೆಗೆ ಇಡೀ ನೆತ್ತಿ ಒಣಗುತ್ತದೆ.

ಮಣ್ಣಿನ ವಾದವನ್ನು ಮೊದಲು ನೋಡಬೇಕು, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಜನ ನಂಬಿದ್ದು ಅದನ್ನೇ. ಆರಂಭದಲ್ಲಿ ಈ ವಾದಕ್ಕೆ ಒಂದು ಆಧಾರವೂ ಇತ್ತು. ಒಣಗಿದ ಮರಗಳಲ್ಲಿ ಬ್ಯಾಕ್ಟೀರಿಯಾದ ಜೊತೆಗೆ ಕಾಂಡವನ್ನು ಕೊಳೆಸುವ ಶಿಲೀಂಧ್ರಗಳೂ ಕಾಂಡ ಕೊರೆಯುವ ಹುಳುಗಳೂ ಸಿಕ್ಕಿದ್ದವು. ವಿಜ್ಞಾನಿಗಳೇ ಅದನ್ನು ‘ಶೀಘ್ರ ಒಣಗುವಿಕೆಯ ಸಂಕೀರ್ಣ’ ಎಂದು ಕರೆದರು. ಹಾಗಿದ್ದರೆ ನಿಜವಾದ ಕೊಲೆಗಾರ ಯಾರು ಎಂಬ ಪ್ರಶ್ನೆ ಆಗ ನ್ಯಾಯವಾದದ್ದೇ. ಉತ್ತರ ಪಡೆಯಲು ಒಂದೇ ದಾರಿ: ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸುವುದು, ಆರೋಗ್ಯವಂತ ಸಸಿಗೆ ಚುಚ್ಚುವುದು, ಅದೇ ರೋಗ ಬರುತ್ತದೆಯೇ ಎಂದು ಕಾಯುವುದು. ಅವರು ಚುಚ್ಚಿದರು, ಕಾದರು. ಸಸಿಗಳು ಒಣಗಿದವು. ಆ ಫಲಿತಾಂಶವನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಪೂರ್ಣ ಪ್ರಬಂಧ ಪ್ರಕಟವಾಯಿತು. ಪ್ರಶ್ನೆ ಕೇಳಿದ್ದು ಸರಿ. ಉತ್ತರ ಬಂದ ಮೇಲೂ ಅದೇ ಪ್ರಶ್ನೆಯನ್ನು ಕೇಳುತ್ತಲೇ ಇದ್ದದ್ದು ಸರಿಯಲ್ಲ.

ಪ್ರಯೋಗಾಲಯದ ಮಾತು ಬೇಡವೆನ್ನುವವರಿಗೆ ತೋಟವೇ ಸಾಕ್ಷಿ ಹೇಳುತ್ತದೆ. ಸಲೆಂಟೊದ ಮುಖ್ಯ ಹಳೆಯ ತಳಿಗಳು ಎರಡು: ಒಲ್ಯರೋಲಾ ಮತ್ತು ಚೆಲ್ಲಿನಾ ದಿ ನಾರ್ದೊ. ಅಲ್ಲಲ್ಲಿ ಇವುಗಳ ನಡುವೆ ಮಧ್ಯ ಇಟಲಿಯಿಂದ ತಂದ ಲೆಚ್ಚೀನೊ ತಳಿಯ ಮರಗಳೂ ಇದ್ದವು. ಒಂದೇ ತೋಟ, ಒಂದೇ ಮಣ್ಣು, ಅದೇ ಗೊಬ್ಬರ, ಅದೇ ಕಳೆನಾಶಕ, ಅದೇ ರೈತನ ಕೈ. ಒಲ್ಯರೋಲಾ ಸೌದೆಯಾಗಿ ನಿಂತಿದ್ದರೆ ಪಕ್ಕದ ಸಾಲಿನ ಲೆಚ್ಚೀನೊ ಹಸಿರಾಗಿಯೇ ಇತ್ತು. ಪರೀಕ್ಷಿಸಿದಾಗ ಲೆಚ್ಚೀನೊಗೂ ಸೋಂಕು ತಗುಲಿತ್ತು, ಆದರೆ ಅದರ ನಾಳಗಳಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ ಇತ್ತು. ರೋಗದ ಮೂಲ ಮಣ್ಣಿನ ವಿಷವೇ ಆಗಿದ್ದರೆ ಅದು ತಳಿ ನೋಡಿ ಬಿಡುತ್ತಿರಲಿಲ್ಲ. ಈ ಸಾಲು ಬರಿಗಣ್ಣಿಗೆ ಕಾಣುತ್ತಿತ್ತು. ನೋಡಲು ಸೂಕ್ಷ್ಮದರ್ಶಕ ಬೇಕಿರಲಿಲ್ಲ.

ಹಳೆಯ ಮರ ಎಲ್ಲವನ್ನೂ ಕಂಡಿದೆ, ಇದನ್ನೂ ದಾಟುತ್ತದೆ ಎಂಬುದು ಎರಡನೆಯ ವಾದ. ಬರ, ಹಿಮ, ಯುದ್ಧ ಎಲ್ಲವನ್ನೂ ಆ ಮರಗಳು ಕಂಡದ್ದು ನಿಜ. ಆದರೆ ಈ ಬ್ಯಾಕ್ಟೀರಿಯಾವನ್ನು ಅವು ಕಂಡಿರಲಿಲ್ಲ. ಇದರ ತವರು ಅಮೆರಿಕ ಖಂಡಗಳು. ಕ್ಯಾಲಿಫೋರ್ನಿಯಾದ ಅನಹೈಮ್ ಸುತ್ತಲಿನ ದ್ರಾಕ್ಷಿ ತೋಟಗಳನ್ನು 1880ರ ದಶಕದಲ್ಲಿ ಅಳಿಸಿಹಾಕಿದ ಕಾಯಿಲೆಯನ್ನು ಸಸ್ಯರೋಗ ವಿಜ್ಞಾನಿ ನ್ಯೂಟನ್ ಪಿಯರ್ಸ್ 1892ರಲ್ಲಿ ವಿವರಿಸಿದ್ದ. ಅದಕ್ಕೆ ಕಾರಣವಾದದ್ದು ಇದೇ ಬ್ಯಾಕ್ಟೀರಿಯಾ ಎಂದು ತಿಳಿಯಲು ಎಂಟು ದಶಕಗಳಿಗೂ ಹೆಚ್ಚು ಬೇಕಾಯಿತು. ಪುಲಿಯಾಕ್ಕೆ ಬಂದ ತಳಿ ಕೋಸ್ಟರಿಕಾದ ಸಸ್ಯಗಳಲ್ಲಿರುವ ತಳಿಯೊಂದಿಗೆ ತಾಳೆಯಾಗುತ್ತದೆ. ಅಲಂಕಾರಕ್ಕೆಂದು ಆಮದಾದ ಕಾಫಿ ಗಿಡಗಳ ಜೊತೆ ಅದು ಬಂದಿರುವ ಸಾಧ್ಯತೆಯೇ ಹೆಚ್ಚು. ಹರಡಿದ ವೇಗವನ್ನು ಲೆಕ್ಕ ಹಾಕಿದ ಸಂಶೋಧಕರು ಸೋಂಕಿನ ಆರಂಭವನ್ನು 2008ರ ಸುಮಾರಿಗೆ ಇಡುತ್ತಾರೆ. ಅಂದರೆ ಸಾವಿರ ವರ್ಷದ ಮರದ ಬಾಳಿನಲ್ಲಿ ಈ ಶತ್ರುವಿನ ಪರಿಚಯ ಕೆಲವೇ ವರ್ಷಗಳದ್ದು. ವಯಸ್ಸು ಕಂಡ ಕಾಯಿಲೆಗಳ ಎದುರು ರಕ್ಷೆ ಕೊಟ್ಟೀತು. ಕಾಣದ ಕಾಯಿಲೆಯ ಎದುರು ಅದಕ್ಕೆ ಯಾವ ಬಲವೂ ಇಲ್ಲ.

ಹಸಿರು ಮರವನ್ನೇಕೆ ಕಡಿಯಬೇಕು ಎಂಬುದು ಮೂರನೆಯ ವಾದ. ಅದಕ್ಕೆ ಕಿಡಿ ಹೊತ್ತಿಸಿದ್ದು: ಸೋಂಕಿತ ಮರವನ್ನು ಕಡಿಯುವುದಿರಲಿ, ಅದರ ಸುತ್ತ 100 ಮೀಟರ್ ಒಳಗಿನ ಹಸಿರು ಮರಗಳನ್ನೂ ಕಡಿಯಿರಿ ಎಂದು ಯುರೋಪಿಯನ್ ಕಮಿಷನ್ 2015ರ ಮೇ ತಿಂಗಳಲ್ಲಿ ಹೇಳಿದ್ದು. ಕಣ್ಣೆದುರು ಹಣ್ಣು ಬಿಡುತ್ತಿರುವ ಮರವನ್ನು ಕಡಿ ಎಂದರೆ ಯಾವ ರೈತನ ಕರುಳೂ ಹಿಂಡುತ್ತದೆ. ಆದರೆ ಈ ನಿಯಮದ ಹಿಂದಿನ ಕಾರಣವನ್ನು ಅರಿಯಲು ರೋಗ ಹರಡುವ ಬಗೆಯನ್ನು ಹತ್ತಿರದಿಂದ ನೋಡಬೇಕು.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಸಲೆಂಟೊದ ಆಲಿವ್ ಮರಗಳ ಬುಡದಲ್ಲಿ ಮೊಣಕಾಲೆತ್ತರ ಕಳೆ ಬೆಳೆದಿರುತ್ತದೆ. ಬಗ್ಗಿ ನೋಡಿದರೆ ದಂಟುಗಳ ಕವಲಿನಲ್ಲಿ ಯಾರೋ ಉಗುಳಿದಂತೆ ಬಿಳಿ ನೊರೆ. ಬೆರಳಿನಿಂದ ನೊರೆ ಸರಿಸಿದರೆ ಒಳಗೆ ಹಸಿರು ಮಿಶ್ರಿತ ಹಳದಿ ಬಣ್ಣದ ಪುಟ್ಟ ಮರಿಹುಳು. ಇದೊಂದು ಜಾತಿಯ ಜಿಗಿಹುಳು. ಮರಿಯಾಗಿದ್ದಾಗ ಅದಕ್ಕೆ ಹಾರಲು ಬಾರದು, ಆ ನೊರೆಯೊಳಗೇ ಅದರ ವಾಸ. ಮೇ ಹೊತ್ತಿಗೆ ಕಳೆ ಒಣಗುತ್ತದೆ, ಹುಳುವಿಗೆ ರೆಕ್ಕೆ ಬಲಿಯುತ್ತದೆ, ಅದು ಆಲಿವ್ ಮರದ ಎಳೆ ಚಿಗುರಿಗೆ ಏರುತ್ತದೆ. ಸೋಂಕಿತ ಮರದ ರಸ ಹೀರಿದ ಕ್ಷಣದಿಂದ ಬ್ಯಾಕ್ಟೀರಿಯಾ ಅದರ ಬಾಯಲ್ಲಿ ನೆಲೆಸುತ್ತದೆ, ಅಲ್ಲಿಂದ ಸಾಯುವವರೆಗೆ ಅದು ಕೂತ ಮರಕ್ಕೆಲ್ಲ ಸೋಂಕು ದಾಟಿಸಬಲ್ಲದು. ತಾನಾಗಿ ಹೆಚ್ಚು ದೂರ ಹಾರದಿದ್ದರೂ ರಸ್ತೆಬದಿಯಲ್ಲಿ ನಿಂತ ಕಾರು, ಲಾರಿ ಹತ್ತಿ ಊರೂರು ದಾಟುತ್ತದೆ.

ಸೋಂಕು ತಗುಲಿದ ಮರ ಒಂದು ವರ್ಷವೋ ಇನ್ನೂ ಹೆಚ್ಚೋ ಕಾಲ ಯಾವ ಲಕ್ಷಣವನ್ನೂ ತೋರಿಸದೆ ಇರಬಲ್ಲದು. ಬ್ಯಾಕ್ಟೀರಿಯಾ ಮರದ ಎಲ್ಲ ಕೊಂಬೆಗಳಲ್ಲೂ ಒಂದೇ ಸಮ ಇರುವುದಿಲ್ಲವಾದ್ದರಿಂದ ನಾಲ್ಕಾರು ರೆಂಬೆ ಕಿತ್ತು ಪರೀಕ್ಷೆಗೆ ಕಳಿಸಿದರೆ ಅದೂ ತಪ್ಪಿಹೋಗಬಹುದು. ಹಾಗಾಗಿ ‘ಆರೋಗ್ಯವಂತ ಮರ’ ಎಂದು ತಬ್ಬಿಕೊಂಡ ಮರ ಆ ಹೊತ್ತಿಗಾಗಲೇ ಪಕ್ಕದ ಮರಗಳಿಗೆ ರೋಗ ಹಂಚುತ್ತಿರಬಹುದು. ಲಕ್ಷಣ ಕಂಡ ಮರವನ್ನಷ್ಟೇ ಕಡಿಯುವುದೆಂದರೆ ರೋಗ ದಾಟಿಹೋದ ಜಾಗದಲ್ಲಿ ಅದನ್ನು ಹುಡುಕಿದಂತೆ. 2016ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದನ್ನೇ ತೂಗಿ 100 ಮೀಟರ್ ನಿಯಮವನ್ನು ಎತ್ತಿಹಿಡಿಯಿತು. ಮುಂದೆ 2020ರಲ್ಲಿ ಹೊಸ ನಿಯಮಾವಳಿ ಬಂದಾಗ ಆ ದೂರವನ್ನು 50 ಮೀಟರಿಗೆ ಇಳಿಸಲಾಯಿತು. ಮರ ಕಡಿಯುವುದೇ ಗುರಿಯಾಗಿದ್ದವರು ಅದನ್ನು ಇಳಿಸುತ್ತಿರಲಿಲ್ಲ.

ಹೋರಾಟಗಾರರು ಒಂದು ವಿಷಯವನ್ನು ಕೊನೆಗೂ ಗಮನಿಸಲಿಲ್ಲ. ನೊರೆಯಿಂದ ಹೊರಬಂದ ಹೊಸ ಹುಳುವಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ತಾಯಿಯಿಂದ ಮೊಟ್ಟೆಗೆ ಅದು ದಾಟುವುದಿಲ್ಲ. ವಸಂತದಲ್ಲಿ ಒಮ್ಮೆ ನೇಗಿಲು ಹೊಡೆದರೆ, ಇಲ್ಲವೇ ಕಳೆ ಕತ್ತರಿಸಿದರೆ, ಮರಿಹುಳು ನೊರೆಯ ಸಮೇತ ನಾಶವಾಗುತ್ತದೆ. ಇದಕ್ಕೆ ಒಂದು ಹನಿ ವಿಷವೂ ಬೇಡ. ರಾಸಾಯನಿಕ ವಿರೋಧಿಗಳು ಮೊದಲ ದಿನವೇ ಹೆಗಲು ಕೊಡಬೇಕಿದ್ದ ಕೆಲಸವಿದು. 2018ರ ಸರ್ಕಾರಿ ಆದೇಶ ಉಳುಮೆಯ ಜೊತೆ ಕೀಟನಾಶಕ ಸಿಂಪಡಣೆಯನ್ನೂ ಕಡ್ಡಾಯಮಾಡಿತು. ಸಿಂಪಡಣೆಯ ಮೇಲಿನ ಸಿಟ್ಟು ಉಳುಮೆಯ ಮಾತನ್ನೂ ನುಂಗಿಹಾಕಿತು.

ವಾದ ತೋಟದಿಂದ ನ್ಯಾಯಾಲಯಕ್ಕೆ ಹೋದಾಗ ಆದ ನಷ್ಟ ಎಲ್ಲಕ್ಕಿಂತ ದೊಡ್ಡದು. 2015ರ ಡಿಸೆಂಬರ್‌ನಲ್ಲಿ ಲೆಚ್ಚೆಯ ಅಭಿಯೋಜಕರು ವಿಜ್ಞಾನಿಗಳೂ ಅಧಿಕಾರಿಗಳೂ ಸೇರಿ ಹತ್ತು ಜನರ ಮೇಲೆ ತನಿಖೆ ಘೋಷಿಸಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಜಪ್ತಿ ಮಾಡಿದರು. ಮರ ಕಡಿಯುವ ಕೆಲಸ ನಿಂತಿತು. ರೋಗ ಹರಡಿಸಿದ್ದೇ ಸಂಶೋಧಕರು ಎಂಬ ಸಂಶಯ ಅದರ ಹಿಂದಿತ್ತು. 2010ರಲ್ಲಿ ಬಾರಿಯಲ್ಲಿ ನಡೆದ ತರಬೇತಿ ಕಾರ್ಯಾಗಾರಕ್ಕೆ ಕ್ಸೈಲೆಲ್ಲಾ ಮಾದರಿಗಳನ್ನು ತರಿಸಿದ್ದರೆಂಬುದು ಅದಕ್ಕೆ ಆಧಾರ. ಆದರೆ ತರಿಸಿದ್ದ ಮಾದರಿಗಳೂ ತೋಟದಲ್ಲಿ ಸಿಕ್ಕ ಬ್ಯಾಕ್ಟೀರಿಯಾವೂ ಬೇರೆ ಬೇರೆ ಉಪಜಾತಿಗೆ ಸೇರಿದವು. ಮೂರು ವರ್ಷಕ್ಕೂ ಹೆಚ್ಚು ಎಳೆದ ಮೇಲೆ 2019ರ ಮೇ ತಿಂಗಳಲ್ಲಿ ವಿಚಾರಣೆಯಿಲ್ಲದೆ ಪ್ರಕರಣ ಮುಗಿಯಿತು. ಅಷ್ಟರಲ್ಲಿ ರೋಗವನ್ನು ಬಲ್ಲ ಕೆಲವೇ ಜನ ತಮ್ಮ ಶಕ್ತಿಯನ್ನು ವಕೀಲರ ಕಚೇರಿಗಳಲ್ಲಿ ಸವೆಸಿದ್ದರು, ರೈತರಿಗೆ ಅವರ ಮಾತಿನ ಮೇಲೆ ನಂಬಿಕೆ ಹೋಗಿತ್ತು.

ಬ್ಯಾಕ್ಟೀರಿಯಾಕ್ಕೆ ತಡೆಯಾಜ್ಞೆ ಅನ್ವಯಿಸುವುದಿಲ್ಲ. ಅದು ವರ್ಷಕ್ಕೆ ಸುಮಾರು 10 ಕಿಲೋಮೀಟರಿನಂತೆ ಉತ್ತರಕ್ಕೆ ಸಾಗುತ್ತಲೇ ಇತ್ತು. ಗಲ್ಲಿಪೊಲಿಯಿಂದ ನೇರ ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ದೂರದ ಒಸ್ತೂನಿಗೆ, ಅಲ್ಲಿನ ಸ್ಮಾರಕ ಆಲಿವ್ ಮರಗಳ ಬಯಲಿಗೆ ತಲುಪಿತು. 2020ರಲ್ಲಿ ಬಾರಿ ಜಿಲ್ಲೆಯ ಮೊನೊಪೊಲಿಯಲ್ಲೂ ಕಾಣಿಸಿತು. 2019ರ ಸೆಪ್ಟೆಂಬರ್ 5ರಂದು ಯುರೋಪಿಯನ್ ನ್ಯಾಯಾಲಯ ರೋಗವನ್ನು ತಡೆಯುವಲ್ಲಿ ವಿಫಲವಾದದ್ದಕ್ಕೆ ಇಟಲಿಯನ್ನೇ ತಪ್ಪಿತಸ್ಥ ಎಂದಿತು. ಪುಲಿಯಾದಲ್ಲಿರುವ ಸುಮಾರು 6 ಕೋಟಿ ಆಲಿವ್ ಮರಗಳಲ್ಲಿ 2.1 ಕೋಟಿ ಮರಗಳಿಗೆ ರೋಗ ತಗುಲಿದೆ ಎಂಬುದು ಅಲ್ಲಿನ ರೈತ ಸಂಘಟನೆಯ ಅಂದಾಜು. ಗರಗಸಕ್ಕೆ ಬಲಿಯಾದ ಮರಗಳು ಈ ರಾಶಿಯ ಮುಂದೆ ಲೆಕ್ಕಕ್ಕೇ ಬಾರವು. ಮರಗಳನ್ನು ಉಳಿಸಿದೆವೆಂದು ಸಂಭ್ರಮಿಸಿದ ಊರುಗಳಲ್ಲಿ ಮರಗಳು ನಿಂತಲ್ಲೇ ಸತ್ತವು.

ಔಷಧಿ ಇದೆಯಲ್ಲ, ಕಡಿಯುವುದೇಕೆ ಎಂಬ ಮಾತು ಆಗಾಗ ಬರುತ್ತದೆ. ತಾಮ್ರ, ಸತು, ಸಿಟ್ರಿಕ್ ಆಮ್ಲ ಸೇರಿದ ಒಂದು ದ್ರಾವಣದಿಂದ ಮರದ ಸ್ಥಿತಿ ಸುಧಾರಿಸಿದ ವರದಿಗಳಿವೆ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮರದೊಳಗಿನ ಬ್ಯಾಕ್ಟೀರಿಯಾವನ್ನು ಪೂರ್ತಿ ಹೊರದಬ್ಬುವ ಚಿಕಿತ್ಸೆ ಬಯಲು ತೋಟದಲ್ಲಿ ಯಾವುದೂ ಇಲ್ಲ. ರೋಗ ಊರಿಡೀ ತುಂಬಿದ ಕಡೆ ಇಂಥ ದ್ರಾವಣ ರೈತನಿಗೆ ನಾಲ್ಕು ಬೆಳೆ ಕೊಡಿಸಬಹುದು. ರೋಗ ಈಗಷ್ಟೇ ಕಾಲಿಟ್ಟ ಕಡೆ ಅದೇ ಚಿಕಿತ್ಸೆ ಸೋಂಕಿನ ಮೂಲವನ್ನು ಹಸಿರಾಗಿ ಇಟ್ಟು ನೆರೆಯ ತೋಟವನ್ನು ಸುಡುತ್ತದೆ. ಈ ಎರಡು ಸಂದರ್ಭಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದೇ ಮೋಸಕ್ಕೆ ದಾರಿಯಾಯಿತು.

ಜನರ ಅಪನಂಬಿಕೆ ಆಕಾಶದಿಂದ ಉದುರಿದ್ದಲ್ಲ ಎಂಬುದನ್ನೂ ಹೇಳಬೇಕು. ಗಿಡಗಳ ಆಮದಿಗೆ ಬಾಗಿಲು ತೆರೆದಿಟ್ಟದ್ದು ಯುರೋಪ್. ಕೋಸ್ಟರಿಕಾ ಮತ್ತು ಹೊಂಡುರಾಸ್‌ನ ಕಾಫಿ ಗಿಡಗಳಿಗೆ ನಿಷೇಧ ಬಂದದ್ದು 2015ರಲ್ಲಿ, ರೋಗ ಒಳಬಂದು ಬೇರೂರಿದ ಮೇಲೆ. ಮುಂದೆ 2017ರಲ್ಲಿ ಲೆಚ್ಚೆ ಜಿಲ್ಲೆಯ ಮೆಲೆಂದುನ್ಯೊದಲ್ಲಿ ಅನಿಲ ಕೊಳವೆ ಮಾರ್ಗಕ್ಕಾಗಿ ಆಲಿವ್ ಮರಗಳನ್ನು ಕಿತ್ತು ಸಾಗಿಸುತ್ತಿದ್ದುದು ಜನರ ಸಂಶಯಕ್ಕೆ ತುಪ್ಪ ಸುರಿಯಿತು. ರೋಗ ತಾಳುವ ಎಫ್‌ಎಸ್‌-17 ಎಂಬ ತಳಿಯ ಹಕ್ಕು ಸಂಶೋಧನಾ ಮಂಡಳಿಯದೇ ಆಗಿದ್ದುದರಿಂದ ‘ಮರ ಕಡಿಸಿ ಸಸಿ ಮಾರುತ್ತಾರೆ’ ಎಂಬ ಆರೋಪವೂ ಎದ್ದಿತು. ಆದರೆ ಆ ತಳಿಯನ್ನು ರೂಪಿಸಿದ್ದು ರೋಗ ಬರುವುದಕ್ಕೆ ದಶಕಗಳ ಮೊದಲು. ಅದು ರೋಗ ತಾಳುತ್ತದೆಂದು ಗೊತ್ತಾದದ್ದು ರೋಗ ಬಂದ ಮೇಲೆ. ಹಕ್ಕುದಾರಿಕೆಯಿಲ್ಲದ ಹಳೆಯ ಲೆಚ್ಚೀನೊ ಕೂಡ ಗಟ್ಟಿಯಾಗಿ ನಿಂತದ್ದನ್ನು ಆರೋಪ ಹೊರಿಸಿದವರು ಮರೆತರು. ಸರ್ಕಾರದ ಮೇಲಿನ ಅಪನಂಬಿಕೆಗೆ ನೂರು ಕಾರಣ ಇರಲಿ, ಅದರಲ್ಲಿ ಒಂದಾದರೂ ನಾಳದೊಳಗಿನ ಬ್ಯಾಕ್ಟೀರಿಯಾವನ್ನು ಇಲ್ಲವಾಗಿಸುವುದಿಲ್ಲ.

ಬ್ರೆಜಿಲ್ ಬೇರೆ ದಾರಿ ಹಿಡಿಯಿತು. ಇದೇ ಬ್ಯಾಕ್ಟೀರಿಯಾದ ಇದೇ ಉಪಜಾತಿ ಅಲ್ಲಿನ ಸಾವೊ ಪಾವ್ಲೊ ರಾಜ್ಯದ ಕಿತ್ತಳೆ ತೋಟಗಳಿಗೆ 1987ರಲ್ಲಿ ಬಂದಿತ್ತು. ಅವರು 2000ದಲ್ಲಿ ಅದರ ಇಡೀ ವಂಶವಾಹಿಯನ್ನು ಓದಿ ಮುಗಿಸಿದರು. ಸಸ್ಯರೋಗ ತರುವ ಬ್ಯಾಕ್ಟೀರಿಯಾವೊಂದರ ಪೂರ್ಣ ವಂಶವಾಹಿ ಓದಿದ್ದು ಜಗತ್ತಿನಲ್ಲಿ ಅದೇ ಮೊದಲು. ಅದಕ್ಕಿಂತ ಮುಖ್ಯವಾಗಿ ಸಸಿಗಳನ್ನು ಕೀಟ ನುಗ್ಗದ ಬಲೆಮನೆಗಳಲ್ಲೇ ಬೆಳೆಸುವುದು ಕಡ್ಡಾಯವಾಯಿತು, ರೋಗದ ಮರಗಳನ್ನು ಕಿತ್ತರು, ಹುಳುವನ್ನು ಹತೋಟಿಗೆ ತಂದರು. ಒಂದು ಕಾಲಕ್ಕೆ ಶೇ 40ರಷ್ಟು ಮರಗಳಲ್ಲಿದ್ದ ರೋಗ ಮುಂದಿನ ದಶಕದಲ್ಲಿ ಒಂದಂಕಿಗೆ ಇಳಿಯಿತು. ಕಿತ್ತಳೆಯಂಥ ಬೇಗ ಫಲ ಕೊಡುವ ಮರವನ್ನು ಕಿತ್ತು ನೆಡುವುದು ಆಲಿವ್‌ಗಿಂತ ಸುಲಭ ಎಂಬುದು ನಿಜ. ಆದರೆ ಈ ಬ್ಯಾಕ್ಟೀರಿಯಾವನ್ನು ಹಿಮ್ಮೆಟ್ಟಿಸಲು ಆಗುವುದೇ ಇಲ್ಲ ಎಂಬ ಮಾತು ಅಲ್ಲಿ ಸುಳ್ಳಾಯಿತು.

ಕರ್ನಾಟಕದ ಓದುಗರಿಗೆ ಮರ ತಬ್ಬಿದವರ ಕಡೆಗೇ ಮನಸ್ಸು ವಾಲುವುದು ಸಹಜ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಅಪ್ಪಿಕೊ ಚಳವಳಿ ಹುಟ್ಟಿದ ನೆಲವಿದು. ಆದರೆ ಅಲ್ಲಿ ಕೊಡಲಿ ಬಂದದ್ದು ಕಾಡನ್ನು ನಾಟಾ ಮಾಡಲು; ಓರಿಯಾಕ್ಕೆ ಗರಗಸ ಬಂದದ್ದು ಉಳಿದ ತೋಟಗಳನ್ನು ಕಾಯಲು. ಎರಡನ್ನೂ ಒಂದೇ ಎಂದರೆ ಅಪ್ಪಿಕೊಗೇ ಅನ್ಯಾಯ. ಮರ ಕಡಿಯುವುದರ ಬಗ್ಗೆ ಪಾಠ ಬೇಕಿದ್ದರೆ ಕೊಡಗಿನ ಶ್ರೀಗಂಧದ ಕಡೆ ನೋಡುವುದು ಮೇಲು. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗ ಕೂಡ ಮರದ ನಾಳಗಳಲ್ಲಿ ಬೆಳೆಯುವ, ಜಿಗಿಹುಳು ಹರಡುವ ಒಂದು ಬಗೆಯ ಬ್ಯಾಕ್ಟೀರಿಯಾದ್ದು. ಆ ಕಾಲದಲ್ಲಿ ಕೊಡಗು, ಮೈಸೂರು ಸೀಮೆಯಲ್ಲಿ ರೋಗ ಕಂಡ ಗಂಧದ ಮರಗಳನ್ನು ಲಕ್ಷಗಟ್ಟಲೆ ಕಿತ್ತರು. ರೋಗ ನಿಲ್ಲಲಿಲ್ಲ. ಕಾರಣವೇನೆಂಬುದು ಸ್ಪಷ್ಟವಾಗಲು ಏಳು ದಶಕ ಬೇಕಾಯಿತು. ಅಲ್ಲಿಯವರೆಗೆ ಕಿತ್ತದ್ದೆಲ್ಲ ಕುರುಡು ಕಡಿತ. ಇದನ್ನು ಕಡಿತದ ವಿರುದ್ಧದ ಸಾಕ್ಷಿ ಎನ್ನುವವರಿದ್ದಾರೆ. ವಾಸ್ತವದಲ್ಲಿ ಇದು ತಡವಾದ ಕಡಿತದ ವಿರುದ್ಧದ ಸಾಕ್ಷಿ: ಲಕ್ಷಣ ಕಂಡ ಮೇಲೆ, ಹುಳುವನ್ನು ಅರಿಯದೆ ಕಿತ್ತರೆ ಎಷ್ಟು ಮರ ಬಿದ್ದರೂ ರೋಗ ಒಂದು ಹೆಜ್ಜೆ ಮುಂದೆಯೇ ಇರುತ್ತದೆ. ಮೈಸೂರಿನವರಿಗೆ ತಿಳಿವಳಿಕೆ ಇರಲಿಲ್ಲ. ಸಲೆಂಟೊದವರಿಗೆ ಬೇಕಾದ ತಿಳಿವಳಿಕೆಯೆಲ್ಲ 2016ರ ಹೊತ್ತಿಗೇ ಕೈಯಲ್ಲಿತ್ತು.

ಈಗ ಸಲೆಂಟೊದಲ್ಲಿ ಕೆಲವು ರೈತರು ಮುದಿ ಕಾಂಡಗಳಿಗೆ ಲೆಚ್ಚೀನೊ ಕಸಿ ಕಟ್ಟುತ್ತಿದ್ದಾರೆ. ಬೀಜದಿಂದ ತಾನಾಗಿ ಹುಟ್ಟಿದ ಕಾಡು ಆಲಿವ್ ಸಸಿಗಳಲ್ಲಿ ರೋಗ ತಾಳುವ ಹೊಸ ತಳಿಗಳನ್ನು ಸಂಶೋಧಕರು ಹುಡುಕುತ್ತಿದ್ದಾರೆ. ಒಂದೆರಡು ತಳಿಗಳನ್ನೇ ಎಲ್ಲೆಡೆ ನೆಟ್ಟರೆ ನಾಳೆ ಇನ್ನೊಂದು ರೋಗಕ್ಕೆ ಬಾಗಿಲು ತೆರೆದಂತೆ ಎಂಬ ಪರಿಸರವಾದಿಗಳ ಎಚ್ಚರಿಕೆ ಇಲ್ಲಿ ಪೂರ್ತಿ ಸರಿ, ಮತ್ತು ಈ ಹುಡುಕಾಟಕ್ಕೆ ಅವರ ಬೆಂಬಲ ಬೇಕು.

2024ರ ಆರಂಭದಲ್ಲಿ ಬಾರಿ ನಗರದ ಪಕ್ಕದ ತ್ರಿಜ್ಜಾನೊದಲ್ಲಿ ಬಾದಾಮಿ ಮರಗಳಲ್ಲಿ ಕ್ಸೈಲೆಲ್ಲಾದ ಇನ್ನೊಂದು ಉಪಜಾತಿ ಸಿಕ್ಕಿದೆ. ಕ್ಯಾಲಿಫೋರ್ನಿಯಾದ ದ್ರಾಕ್ಷಿಯನ್ನು ತಿಂದದ್ದು ಇದೇ ಉಪಜಾತಿ. ಪುಲಿಯಾ ಇಟಲಿಯ ದೊಡ್ಡ ದ್ರಾಕ್ಷಿ ಸೀಮೆಗಳಲ್ಲಿ ಒಂದು. 2015ರಲ್ಲಿ ಓರಿಯಾದಲ್ಲಿ ಕೇಳಿದ ವಾದಗಳೇ ದ್ರಾಕ್ಷಿ ತೋಟಗಳಲ್ಲೂ ಕೇಳಿಬರದೆ ಇರವು. ಈ ಸಲ ಅಧಿಕಾರಿಗಳು ಮಾಡಬೇಕಾದ್ದು ಸ್ಪಷ್ಟ: ಪರೀಕ್ಷೆಯ ಫಲಿತಾಂಶಗಳನ್ನು ಊರಿನ ಮುಂದೆ ತೆರೆದಿಡಬೇಕು, ಏಪ್ರಿಲ್ ಮುಗಿಯುವ ಮುನ್ನ ಪಾಳುಬಿದ್ದ ಜಮೀನುಗಳ ಕಳೆಯನ್ನೂ ಉಳುಮೆ ಮಾಡಿಸಿ ತೆಗೆಸಬೇಕು, ಗಿಡ ಕೀಳುವ ದಿನವೇ ರೈತನ ಕೈಗೆ ಪರಿಹಾರ ಕೊಡಬೇಕು. ಹೋರಾಟಗಾರರು ಇವುಗಳಿಗಾಗಿ ಪಟ್ಟು ಹಿಡಿಯಲಿ, ಪರಿಹಾರ ತಡವಾದರೆ ರಸ್ತೆ ತಡೆಯಲಿ, ಕಳೆ ತೆಗೆಸದ ಕಚೇರಿಗೆ ಮುತ್ತಿಗೆ ಹಾಕಲಿ. ಆದರೆ ಸೋಂಕಿತ ಗಿಡ ಕೀಳಲು ಬಂದವರ ದಾರಿಗೆ ಈ ಸಲ ಅಡ್ಡ ನಿಲ್ಲುವುದು ಬೇಡ.